ಬೆಂಕಿಕಡ್ಡಿ ತಿಂದ ದವಡೆಗಳು

ದೊಡ್ಡಮ್ಮನ ಕೆಳದವಡೆಯ ಹಲ್ಲೊಂದು ಹುಳುಕಾಗಿ ತಿಂಗಳಿನಿಂದ ನೋಯುತ್ತಿತ್ತು. ಕೀಳಿಸಿಬಿಟ್ಟರೆ ಕಾಟ ಮುಗಿಯಿತು ಎಂದುಕೊಂಡು ಅವರನ್ನು ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಬಾಯಿ ನೋಡಿ, ಎಕ್ಸ್‌ರೇ ತೆಗೆಸಿ, ಬಿಪಿ ಶುಗರ್ ಎಲ್ಲ ವಿಚಾರಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದರು: "ಅಮ್ಮಾ, ಮೂಳೆಗೆ ಅಂತ ಏನಾದ್ರೂ ಇಂಜೆಕ್ಷನ್ ತಗೊಳ್ತಿದೀರಾ?"

ದೊಡ್ಡಮ್ಮ ಇಲ್ಲವೆಂದು ತಲೆಯಾಡಿಸಿದರು. ಅವರು ಸುಳ್ಳು ಹೇಳಲಿಲ್ಲ. ಅವರ ಮಟ್ಟಿಗೆ ಅದು ಕ್ಯಾನ್ಸರಿನ ಇಂಜೆಕ್ಷನ್ನೇ ಹೊರತು ಮೂಳೆಯದಲ್ಲ. ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೂ ಹರಡಿದ ಮೇಲೆ ತಿಂಗಳಿಗೊಮ್ಮೆ ಡ್ರಿಪ್ಪಿನಲ್ಲಿ ಏರಿಸುತ್ತಿದ್ದ ಔಷಧ ಯಾವುದಕ್ಕೆಂದು ಅವರೂ ಕೇಳಿರಲಿಲ್ಲ, ಜೊತೆಗೆ ಹೋಗುತ್ತಿದ್ದ ನಾನೂ ಕೇಳಿರಲಿಲ್ಲ. ಬ್ಯಾಗಿನಲ್ಲಿದ್ದ ಫೈಲು ತೆಗೆದು ಕೊಟ್ಟೆ. ಡಾಕ್ಟರು ಅದರಲ್ಲಿ ಝೋಲೆಡ್ರೋನಿಕ್ ಆಸಿಡ್ ಎಂಬ ಹೆಸರಿನ ಕೆಳಗೆ ಗೆರೆ ಎಳೆದು ಕೈಗವಸು ತೆಗೆದಿಟ್ಟರು. "ಹಾಗಾದ್ರೆ ಈ ಹಲ್ಲು ಕೀಳೋದು ಬೇಡ. ಕಿತ್ತ ಜಾಗ ಮಾಯದೇ ದವಡೆ ಮೂಳೆನೇ ಸತ್ತುಹೋಗಬಹುದು. ಆಮೇಲೆ ದೊಡ್ಡ ಆಪರೇಷನ್ನೇ ಬೇಕಾಗತ್ತೆ."

"ಒಂದು ಹುಳುಕು ಹಲ್ಲಿಗೆ ಇಷ್ಟೆಲ್ಲ ಪುರಾಣವಾ?" ಎಂದರು ದೊಡ್ಡಮ್ಮ.

ನನಗೆ ಮಾತ್ರ ಬೆನ್ನಲ್ಲಿ ಸಣ್ಣಗೆ ಚಳಿಯಾಯಿತು. ಹಲ್ಲು ಕಿತ್ತ ಗುಳಿ ಮಾಯದೆ ದವಡೆಯ ಮೂಳೆ ಸಾಯುವುದು ಎಂಬ ಸಂಗತಿಯನ್ನು ನಾನು ಮೊದಲು ಓದಿದ್ದು ವೈದ್ಯಕೀಯ ಪುಸ್ತಕದಲ್ಲಲ್ಲ, ಹಳೆಯ ಕಾನೂನುಗಳ ಸಂಪುಟದ ಬೆನ್ನು ಹತ್ತಿ ಹೋದಾಗ. ವಸಾಹತುಕಾಲದ ಕಾರ್ಮಿಕ ಕಾಯಿದೆಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನ್ನ ಕಣ್ಣಿಗೆ 1913ರ ಪುಟ್ಟ ಕಾಯಿದೆಯೊಂದು ಬಿದ್ದಿತ್ತು: ಬಿಳಿ ರಂಜಕದ ಬೆಂಕಿಕಡ್ಡಿಗಳ ನಿಷೇಧ ಕಾಯಿದೆ. ಬಿಳಿ ರಂಜಕ, ಅಂದರೆ ಬಿಳಿ ಫಾಸ್ಫರಸ್ ಬಳಸಿದ ಬೆಂಕಿಕಡ್ಡಿಗಳನ್ನು ಬ್ರಿಟಿಷ್ ಇಂಡಿಯಾದಲ್ಲಿ ತಯಾರಿಸುವುದು, ಆಮದು ಮಾಡುವುದು, ಮಾರುವುದು ಎಲ್ಲವನ್ನೂ ಅದು ನಿಷೇಧಿಸುತ್ತದೆ. ಒಂದು ಬೆಂಕಿಕಡ್ಡಿಯ ಮೇಲೆ ಸಾಮ್ರಾಜ್ಯಕ್ಕೇಕೆ ಇಷ್ಟು ಸಿಟ್ಟು ಎಂದು ಹುಡುಕುತ್ತ ಹೋದವಳಿಗೆ ಸಿಕ್ಕಿದ್ದು ದವಡೆಗಳ ಕಥೆ.

ಕಥೆ ಶುರುವಾಗುವುದು 1830ರ ದಶಕದ ಯುರೋಪಿನಲ್ಲಿ. ಎಲ್ಲಿ ಗೀರಿದರೂ ಹೊತ್ತುವ ಕಡ್ಡಿ ಆಗ ಹೊಸ ಪವಾಡ. ಗೋಡೆ, ಕಲ್ಲು, ಬೂಟಿನ ಅಟ್ಟೆ, ಯಾವುದಾದರೂ ನಡೆಯುತ್ತಿತ್ತು. ಆ ಪವಾಡದ ಗುಟ್ಟು ಕಡ್ಡಿಯ ತುದಿಯಲ್ಲಿದ್ದ ಬಿಳಿ ರಂಜಕ. ಕಾರ್ಖಾನೆಗಳಲ್ಲಿ ರಂಜಕದ ಬಿಸಿ ಪಾಕವನ್ನು ಕಲಸಬೇಕು, ಅದರಲ್ಲಿ ಕಡ್ಡಿಗಳನ್ನು ಅದ್ದಬೇಕು, ಒಣಗಿಸಬೇಕು, ಪೊಟ್ಟಣಕ್ಕೆ ತುಂಬಬೇಕು. ಈ ಕೆಲಸದಲ್ಲಿದ್ದವರು ಬಹುಪಾಲು ಬಡವರ ಮನೆಯ ಹೆಂಗಸರು, ಹುಡುಗಿಯರು, ಮಕ್ಕಳು. ರಂಜಕದ ಹೊಗೆಯನ್ನೇ ಉಸಿರಾಡಿಕೊಂಡು, ಅದೇ ಕೈಯಲ್ಲಿ, ಅದೇ ಮೇಜಿನ ಮೇಲೆ ಊಟ ಮಾಡುತ್ತಿದ್ದರು.

1845ರಲ್ಲಿ ವಿಯೆನ್ನಾದ ವೈದ್ಯ ಫ್ರೀಡ್ರಿಕ್ ವಿಲ್ಹೆಲ್ಮ್ ಲೊರಿನ್ಸರ್ ಈ ಕೆಲಸಗಾರರಲ್ಲಿ ತಾನು ಕಂಡ ಒಂದು ವಿಚಿತ್ರ ರೋಗವನ್ನು ವರ್ಣಿಸಿ ಬರೆದ. ಮೊದಲು ಬರುವುದು ಸಾಮಾನ್ಯ ಹಲ್ಲುನೋವು. ಆಮೇಲೆ ವಸಡು ಊದಿಕೊಳ್ಳುತ್ತದೆ. ಹಲ್ಲು ಅಲ್ಲಾಡಿ ಬೀಳುತ್ತದೆ ಅಥವಾ ಯಾರೋ ಕೀಳುತ್ತಾರೆ. ಆದರೆ ಆ ಗುಳಿ ಮುಚ್ಚಿಕೊಳ್ಳುವುದೇ ಇಲ್ಲ. ಕೀವು ಕಟ್ಟಿ ಕೆನ್ನೆ, ಗದ್ದಗಳಲ್ಲಿ ತೂತು ಮಾಡಿಕೊಂಡು ಹೊರಗೆ ಸೋರುತ್ತದೆ. ವಸಡು ಹಿಂದಕ್ಕೆ ಸರಿದು ಸತ್ತ ಮೂಳೆ ಬೆತ್ತಲಾಗಿ ನಿಲ್ಲುತ್ತದೆ. ಬಾಯಿಯ ದುರ್ನಾತಕ್ಕೆ ಮನೆಯವರೂ ಹತ್ತಿರ ಕೂರಲಾರರು. ಸರಿಯಾಗಿ ಅಗಿಯಲಾಗದೆ, ನಂಜೇರಿ, ಸುಮಾರು ಐದರಲ್ಲಿ ಒಬ್ಬರು ಸಾಯುತ್ತಿದ್ದರು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಇಂಗ್ಲಿಷ್ ಕೆಲಸಗಾರರು ಇದಕ್ಕೆ ಇಟ್ಟ ಅಡ್ಡಹೆಸರು 'ಫಾಸಿ ಜಾ', ಅಂದರೆ ರಂಜಕದ ದವಡೆ.

ಮೈಯಲ್ಲಿ ಇಷ್ಟೊಂದು ಮೂಳೆಗಳಿರುವಾಗ ದವಡೆಗೇ ಏಕೆ ಈ ಗತಿ? ಹಲ್ಲು ಒಂದು ವಿಚಿತ್ರ ಅಂಗ. ಅದರ ಅರ್ಧ ಮೂಳೆಯೊಳಗೆ ಹೂತಿರುತ್ತದೆ, ಅರ್ಧ ಹೊರಗಿನ ಲೋಕಕ್ಕೆ ತೆರೆದಿರುತ್ತದೆ. ತೊಡೆಯ ಮೂಳೆಯ ಮೇಲೆ ಮಾಂಸವಿದೆ, ಚರ್ಮವಿದೆ. ದವಡೆಯ ಮೂಳೆಗೂ ಬಾಯಿಯೊಳಗಿನ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿಗೂ ನಡುವೆ ಇರುವುದು ತೆಳುವಾದ ವಸಡು ಮಾತ್ರ. ಹಲ್ಲು ಹುಳುಕಾದರೆ ಆ ಬಾಗಿಲು ಸಡಿಲವಾಗುತ್ತದೆ, ಹಲ್ಲು ಕಿತ್ತರೆ ಹಾರುಹೊಡೆಯುತ್ತದೆ. ಆರೋಗ್ಯವಂತ ಮೂಳೆ ಕೆಲವೇ ವಾರಗಳಲ್ಲಿ ಆ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ರಂಜಕ ಕುಡಿದ ಮೂಳೆಗೆ ಆ ಕಸುವು ಉಳಿದಿರಲಿಲ್ಲ.

ಹೀಗೆ ಸತ್ತ ದವಡೆಗೆ ಆಗ ಇದ್ದ ಮದ್ದು ಒಂದೇ, ಶಸ್ತ್ರ. 1856ರಲ್ಲಿ ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಯ ಜೇಮ್ಸ್ ರಶ್‌ಮೋರ್ ವುಡ್ ಎಂಬ ಶಸ್ತ್ರವೈದ್ಯ ಬೆಂಕಿಕಡ್ಡಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ 16 ವರ್ಷದ ಹುಡುಗಿಯೊಬ್ಬಳ ಇಡೀ ಕೆಳದವಡೆಯನ್ನು ತೆಗೆದುದರ ಬಗ್ಗೆ ಬರೆದ. ಹುಡುಗಿಯ ರೋಗವೂ ಶುರುವಾಗಿದ್ದು ಹಲ್ಲುನೋವಿನಿಂದಲೇ. ವುಡ್ ಸತ್ತ ಮೂಳೆಯನ್ನು ಅದರ ಮೇಲಿನ ಪೊರೆಯಿಂದ ಬಿಡಿಸಿ, ಪೊರೆಯನ್ನು ಒಳಗೇ ಉಳಿಸಿದ್ದ. ಹೊಸ ಮೂಳೆ ಹುಟ್ಟುವುದು ಆ ಪೊರೆಯಿಂದ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಯಾವಾಗ ಕೊಯ್ಯಬೇಕು? ಆ ಕಾಲದ ಶಸ್ತ್ರವೈದ್ಯರು ಬಹುಕಾಲ ಜಗಳಾಡಿದ್ದು ಈ ಪ್ರಶ್ನೆಯ ಮೇಲೆ. ರೋಗ ಕಂಡ ಕೂಡಲೇ ಕೊಯ್ದು ತೆಗೆದರೆ ನಂಜು ಏರುವುದು ತಪ್ಪುತ್ತದೆ ಎಂದರು ಒಂದು ಪಂಗಡದವರು. ಇನ್ನೊಂದು ಪಂಗಡದವರು ಕಾಯಿರಿ ಎಂದರು. ಸತ್ತ ಮೂಳೆ ಬದುಕಿರುವ ಮೂಳೆಯಿಂದ ತಾನಾಗಿ ಬೇರ್ಪಡುತ್ತದೆ, ಅಷ್ಟರಲ್ಲಿ ಪೊರೆ ಅದರ ಸುತ್ತ ಹೊಸ ಮೂಳೆಯ ತೊಗಟೆ ಕಟ್ಟುತ್ತದೆ, ಆಗ ತೆಗೆದರೆ ಮುಖದ ಆಕಾರವಾದರೂ ಉಳಿಯುತ್ತದೆ ಎಂಬುದು ಅವರ ವಾದ. ಬೇಗ ಕೊಯ್ದರೆ ಎಲ್ಲಿಯವರೆಗೆ ಸತ್ತಿದೆ ಎಂದು ಗೊತ್ತಾಗುವುದಿಲ್ಲ. ತಡ ಮಾಡಿದರೆ ಆ ತಿಂಗಳುಗಳುದ್ದಕ್ಕೂ ಕೀವು ನುಂಗುತ್ತ ಕೂರಬೇಕಾದವಳು ಆ ಹುಡುಗಿ. ದವಡೆಯ ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯಲೋಕ ಕಲಿತದ್ದರಲ್ಲಿ ಸಾಕಷ್ಟನ್ನು ಕಲಿತದ್ದು ಇಂಥ ಹೆಸರಿಲ್ಲದ ಹುಡುಗಿಯರ ಮುಖಗಳ ಮೇಲೆ.

ಇದನ್ನು ಓದುವಾಗ ನನ್ನನ್ನು ಕಾಡಿದ್ದು ಶಸ್ತ್ರದ ಮೇಜಿಗೆ ಬರುವ ಮುಂಚಿನ ವರ್ಷಗಳು. ಆ ಹುಡುಗಿಗೆ ಮೊದಲ ಸಲ ಹಲ್ಲು ನೋವು ಬಂದ ದಿನ ಏನಾಯಿತು? ಯಾರು ಅವಳ ಬಾಯಿ ನೋಡಿದರು?

ಲಂಡನ್ನಿನ ಪೂರ್ವಕ್ಕಿರುವ ಬೋ ಎಂಬಲ್ಲಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಚರಿತ್ರೆಯಲ್ಲಿ ಇದಕ್ಕೆ ಒಂದು ಉತ್ತರವಿದೆ. ಅಲ್ಲಿ ಹಲ್ಲುನೋವು ಎಂದು ಬಂದ ಕೆಲಸಗಾರಳಿಗೆ ಹಲ್ಲು ಕೀಳಿಸಿಕೋ, ಇಲ್ಲವೇ ಕೆಲಸ ಬಿಡು ಎನ್ನುತ್ತಿದ್ದರಂತೆ. ಹಾಗಾಗಿ ನೋವನ್ನು ಮುಚ್ಚಿಡುವುದೇ ಜಾಣತನವಾಗುತ್ತಿತ್ತು. ಮುಚ್ಚಿಟ್ಟರೆ ಹುಳುಕಿನ ದಾರಿಯಿಂದ ನಂಜು ಮೂಳೆಗೆ ಇಳಿಯುತ್ತಿತ್ತು. ಕೀಳಿಸಿಕೊಂಡು ಗುಳಿ ಮಾಯುವ ಮೊದಲೇ ರಂಜಕದ ಹೊಗೆಗೆ ವಾಪಸು ಹೋದರೆ ಅಲ್ಲಿಯೂ ಅದೇ ಅಪಾಯ. ಅತ್ತ ದರಿ, ಇತ್ತ ಪುಲಿ.

1888ರ ಜೂನ್ 23ರಂದು ಆನಿ ಬೆಸೆಂಟ್ ತಮ್ಮ 'ದಿ ಲಿಂಕ್' ಪತ್ರಿಕೆಯಲ್ಲಿ ಈ ಕಾರ್ಖಾನೆಯ ಹುಡುಗಿಯರ ಬದುಕನ್ನು ಲಂಡನ್ನಿನ ಬಿಳಿಯ ಗುಲಾಮಗಿರಿ ಎಂದು ಕರೆದು ಬರೆದರು. ಹೌದು, ಮುಂದೆ ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷೆಯಾದ, ಹೋಮ್ ರೂಲ್ ಚಳವಳಿ ಕಟ್ಟಿದ, 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ಅದೇ ಬೆಸೆಂಟ್. ನಮ್ಮ ಪಠ್ಯಪುಸ್ತಕದ ಬಿಳಿ ಸೀರೆಯ ಮುದುಕಿ, ಭಾರತಕ್ಕೆ ಬರುವ ಮೊದಲು ಬೆಂಕಿಕಡ್ಡಿ ಹುಡುಗಿಯರ ಪರ ನಿಂತವರು ಎಂಬುದು ನನಗೆ ಎಂ.ಎ. ಮುಗಿಯುವವರೆಗೆ ಗೊತ್ತಿರಲಿಲ್ಲ. ಆ ಜುಲೈಯಲ್ಲಿ ಸುಮಾರು 1400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಬೀದಿಗಿಳಿದರು. ಅವರ ಮುಖ್ಯ ದೂರುಗಳು ಕಡಿಮೆ ಕೂಲಿ ಮತ್ತು ಮಾತೆತ್ತಿದರೆ ಹಾಕುತ್ತಿದ್ದ ದಂಡ. ಮುಷ್ಕರ ಗೆದ್ದಿತು, ದಂಡಗಳು ಹೋದವು. ಒಪ್ಪಂದದಲ್ಲಿ ಇನ್ನೊಂದು ಅಂಶವೂ ಇತ್ತು: ಊಟಕ್ಕೆ ಬೇರೆ ಕೋಣೆ. ಓದುವವರಿಗೆ ಇದು ಸಣ್ಣ ಸೌಕರ್ಯದಂತೆ ಕಂಡೀತು. ಆದರೆ ರಂಜಕ ಊಟದ ಜೊತೆಗೂ ಬಾಯಿಗೆ ಹೋಗುತ್ತಿತ್ತು ಎಂಬುದು ನೆನಪಾದರೆ ಆ ಕೋಣೆಯ ಬೆಲೆ ತಿಳಿಯುತ್ತದೆ.

ಆದರೂ ರಂಜಕ ಮಾತ್ರ ಹೋಗಲಿಲ್ಲ. 1898ರಲ್ಲಿ ಇದೇ ಕಂಪನಿ ನ್ಯಾಯಾಲಯದ ಮುಂದೆ ನಿಂತಿತು. ಅದರ ಕೆಲಸಗಾರರಲ್ಲಿ 17 ಮಂದಿಗೆ ದವಡೆಯ ರೋಗ ಬಂದಿತ್ತು, ಅವರಲ್ಲಿ 6 ಮಂದಿ ಸತ್ತಿದ್ದರು. ಕಾನೂನಿನ ಪ್ರಕಾರ ವರದಿ ಮಾಡಬೇಕಿದ್ದ ಈ ಪ್ರಕರಣಗಳನ್ನು ಕಂಪನಿ ವರದಿ ಮಾಡಿರಲಿಲ್ಲ. ಬಿದ್ದ ದಂಡ 25 ಪೌಂಡು 9 ಷಿಲಿಂಗ್. ನನ್ನ ಟಿಪ್ಪಣಿ ಪುಸ್ತಕದಲ್ಲಿ ಈ ಸಾಲಿನ ಪಕ್ಕ ಭಾಗಾಕಾರದ ಒಂದು ಲೆಕ್ಕವಿದೆ. ತಲೆಗೆ ಒಂದೂವರೆ ಪೌಂಡು.

ಈ ಹಗರಣದ ನಂತರ ಬ್ರಿಟಿಷ್ ಸರ್ಕಾರ ತನಿಖೆಗೆ ಮೂವರನ್ನು ನೇಮಿಸಿತು. ರಸಾಯನ ವಿಜ್ಞಾನಿ ಎಡ್ವರ್ಡ್ ಥಾರ್ಪ್, ವೈದ್ಯ ಥಾಮಸ್ ಆಲಿವರ್, ಇವರ ಜೊತೆಗೆ ದಂತವೈದ್ಯ ಜಾರ್ಜ್ ಕನಿಂಗ್‌ಹ್ಯಾಮ್. 1899ರಲ್ಲಿ ಅವರ ವರದಿ ಬಂತು. ಕಾರ್ಖಾನೆಯ ತನಿಖೆಗೆ ಹಲ್ಲಿನ ಡಾಕ್ಟರೊಬ್ಬರನ್ನು ಕೂರಿಸಿದ್ದೇ ದೊಡ್ಡ ಮಾತು. ಅದರ ಬೆನ್ನಿಗೆ ಬಂದ ನಿಯಮಗಳಲ್ಲಿ ರಂಜಕದ ಕೆಲಸಗಾರರ ಹಲ್ಲುಗಳನ್ನು ದಂತವೈದ್ಯರು ಆಗಾಗ ಪರೀಕ್ಷಿಸಬೇಕು, ಹಲ್ಲು ಕೀಳಿಸಿಕೊಂಡವರು ಮಾಯ್ದಿದೆ ಎಂಬ ಪ್ರಮಾಣಪತ್ರವಿಲ್ಲದೆ ರಂಜಕದ ಬಳಿ ಹೋಗಕೂಡದು ಎಂಬ ವಿಧಿಗಳು ಸೇರಿದವು. ದವಡೆಯ ಆಪರೇಷನ್ ತಪ್ಪಬೇಕಾದರೆ ಹಲ್ಲಿನಿಂದ ಶುರುಮಾಡಬೇಕು ಎಂಬ ಮಾತು, ಲೊರಿನ್ಸರ್ ಬರೆದು ಅರ್ಧ ಶತಮಾನ ಕಳೆದ ಮೇಲೆ, ಹೀಗೆ ಕಾನೂನಿನ ಭಾಷೆಗೆ ಇಳಿಯಿತು.

ನನಗೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಈ ರೋಗಕ್ಕೆ ಪರಿಹಾರ ರೋಗದಷ್ಟೇ ಹಳೆಯದು. ಲೊರಿನ್ಸರ್ ಸತ್ತ ದವಡೆಗಳ ಬಗ್ಗೆ ಬರೆದ ಅದೇ ವಿಯೆನ್ನಾದಲ್ಲಿ, ಅದೇ ದಶಕದಲ್ಲಿ, ಆಂಟನ್ ಶ್ರೋಟರ್ ಎಂಬ ರಸಾಯನ ವಿಜ್ಞಾನಿ ಬಿಳಿ ರಂಜಕವನ್ನು ಕೆಂಪು ರಂಜಕವಾಗಿ ಮಾರ್ಪಡಿಸುವ ಬಗೆಯನ್ನು ತೋರಿಸಿಕೊಟ್ಟಿದ್ದ. ಕೆಂಪು ರಂಜಕ ದವಡೆ ತಿನ್ನುವುದಿಲ್ಲ. ಸ್ವೀಡನ್ನಿನ ಲುಂಡ್‌ಸ್ಟ್ರೋಮ್ ಸಹೋದರರು 1850ರ ದಶಕದಲ್ಲೇ ಅದನ್ನು ಬಳಸಿ ಸುರಕ್ಷಿತ ಬೆಂಕಿಪೊಟ್ಟಣ ಮಾಡಿ ಮಾರಿದರು. ಇಂದು ನಾವು ಪೊಟ್ಟಣದ ಮಗ್ಗುಲಿಗೆ ಕಡ್ಡಿ ಗೀರುವುದು ಅದೇ ಪದ್ಧತಿಯಲ್ಲಿ, ಕೆಂಪು ರಂಜಕ ಇರುವುದು ಆ ಪಟ್ಟಿಯಲ್ಲಿ. ಬ್ರಯಂಟ್ ಅಂಡ್ ಮೇ 1855ರಲ್ಲಿಯೇ ಅದರ ಬ್ರಿಟಿಷ್ ಪೇಟೆಂಟನ್ನು ಕೊಂಡಿತ್ತು. ಆದರೆ ಬಿಳಿ ರಂಜಕದ ಕಡ್ಡಿ ಅಗ್ಗ, ಎಲ್ಲಿ ಬೇಕಾದರೂ ಗೀರಬಹುದು, ಜನ ಅದನ್ನೇ ಕೊಳ್ಳುತ್ತಿದ್ದರು. 1891ರಲ್ಲಿ ಸಾಲ್ವೇಶನ್ ಆರ್ಮಿ ಲಂಡನ್ನಿನಲ್ಲಿ ಕೆಂಪು ರಂಜಕದ ಕಾರ್ಖಾನೆ ತೆರೆದು ಹೆಚ್ಚಿನ ಕೂಲಿ ಕೊಟ್ಟಿತಾದರೂ ಬೆಲೆಯಲ್ಲಿ ಪೈಪೋಟಿ ಕೊಡಲಾಗದೆ ಆ ಪ್ರಯೋಗ ಹೆಚ್ಚು ಕಾಲ ಬಾಳಲಿಲ್ಲ. ಒಂದು ಪೊಟ್ಟಣಕ್ಕೆ ಉಳಿಯುತ್ತಿದ್ದ ಚೂರುಪಾರು ಕಾಸಿನ ಬೆಲೆಯನ್ನು ತೆರುತ್ತಿದ್ದವರು ದವಡೆ ಕಳೆದುಕೊಂಡ ಹುಡುಗಿಯರು.

ಕೊನೆಗೆ ರೋಗವನ್ನು ನಿಲ್ಲಿಸಿದ್ದು ಕಾನೂನು. ಫಿನ್‌ಲೆಂಡ್ 1872ರಲ್ಲಿ, ಡೆನ್ಮಾರ್ಕ್ 1874ರಲ್ಲಿ ಬಿಳಿ ರಂಜಕವನ್ನು ನಿಷೇಧಿಸಿದವು. 1906ರಲ್ಲಿ ಬರ್ನ್ ನಗರದಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಬ್ರಿಟನ್ 1908ರಲ್ಲಿ ಕಾಯಿದೆ ಮಾಡಿ 1910ರಿಂದ ಜಾರಿಗೆ ತಂದಿತು. ಅಮೆರಿಕದಲ್ಲಿ 1910ರಲ್ಲಿ ಜಾನ್ ಆಂಡ್ರೂಸ್ ಎಂಬವರು ಕಾರ್ಖಾನೆಗಳಿಗೂ ಕೆಲಸಗಾರರ ಮನೆಗಳಿಗೂ ಅಲೆದು ಬರೆದ ವರದಿ ದೊಡ್ಡ ಸುದ್ದಿಯಾಗಿ, 1912ರಲ್ಲಿ ಬಿಳಿ ರಂಜಕದ ಕಡ್ಡಿಗಳ ಮೇಲೆ ಲಾಭವೇ ಉಳಿಯದಷ್ಟು ತೆರಿಗೆ ಬಿತ್ತು. ಮರುವರ್ಷ ಬಂದದ್ದು ನನ್ನ ಕಣ್ಣಿಗೆ ಬಿದ್ದ ಆ ಭಾರತದ ಕಾಯಿದೆ.

ನಮ್ಮ ಮಟ್ಟಿಗೆ ಇದರ ಪರಿಣಾಮ ಸಣ್ಣದಲ್ಲ. ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ಕಸುಬು ಕಲಿತು ಬಂದು ಊರಲ್ಲಿ ಕೆಲಸ ಶುರುಮಾಡಿದ್ದು 1923ರಲ್ಲಿ. ಆಮೇಲೆ ಆ ಪ್ರದೇಶದಲ್ಲಿ ಹೆಂಗಸರು, ಮಕ್ಕಳು ದಶಕಗಟ್ಟಲೆ ಕಡ್ಡಿ ಜೋಡಿಸಿದರು, ಪೊಟ್ಟಣ ತುಂಬಿದರು. ಬೆಂಕಿ ಅನಾಹುತಗಳು, ಬಾಲಕಾರ್ಮಿಕತೆ, ಅಲ್ಲಿಯ ಕಷ್ಟಗಳು ಸಾಲುಸಾಲು. ಆದರೆ ರಂಜಕದ ದವಡೆ ಎಂಬ ಒಂದು ನರಕ ಆ ಪಟ್ಟಿಯಲ್ಲಿಲ್ಲ. ಹತ್ತು ವರ್ಷ ಮೊದಲೇ ಆ ಬಾಗಿಲನ್ನು ಒಂದು ಪುಟ್ಟ ಕಾಯಿದೆ ಮುಚ್ಚಿತ್ತು.

ಹಾಗೆ ಮುಗಿದುಹೋಯಿತು ಎಂದುಕೊಂಡಿದ್ದ ರೋಗ 2003ರಲ್ಲಿ ಬೇರೆ ವೇಷದಲ್ಲಿ ಮರಳಿತು. ಮಯಾಮಿಯ ದವಡೆ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ 36 ರೋಗಿಗಳ ಬಗ್ಗೆ ಬರೆದರು. ಎಲ್ಲರ ಬಾಯಲ್ಲೂ ದವಡೆಯ ಮೂಳೆ ಬೆತ್ತಲಾಗಿ ನಿಂತಿತ್ತು, ಮಾಯುತ್ತಿರಲಿಲ್ಲ. ಯಾರೂ ಬೆಂಕಿಕಡ್ಡಿ ಕಾರ್ಖಾನೆ ಕಂಡವರಲ್ಲ. ಅವರೆಲ್ಲ ಬಿಸ್ಫಾಸ್ಫೋನೇಟ್ ಎಂಬ ಗುಂಪಿನ ಔಷಧ ಪಡೆಯುತ್ತಿದ್ದವರು. ದೊಡ್ಡಮ್ಮನ ಇಂಜೆಕ್ಷನ್ನೂ ಅದೇ ಗುಂಪಿನದು. ಆ ಹೆಸರಿನಲ್ಲೇ ರಂಜಕ ಅಡಗಿದೆ. ಬೆಂಕಿಕಡ್ಡಿ ಕೆಲಸಗಾರರ ಮೈಯೊಳಗೆ ಹೋದ ಬಿಳಿ ರಂಜಕ ಇಂಥದೇ ಸಂಯುಕ್ತವಾಗಿ ಬದಲಾಗುತ್ತಿದ್ದಿರಬಹುದು ಎಂಬುದು ಮಾರ್ಕ್ಸ್ ಮುಂದೆ ಮಂಡಿಸಿದ ಊಹೆ.

ನಮ್ಮ ಮೂಳೆ ಕಲ್ಲಿನಂತೆ ಒಮ್ಮೆ ಕಟ್ಟಿ ಮುಗಿಸಿದ್ದಲ್ಲ. ಕೆಲವು ಜೀವಕೋಶಗಳು ಹಳೆಯ ಮೂಳೆಯನ್ನು ಕೆಡವುತ್ತವೆ, ಬೇರೆ ಕೋಶಗಳು ಹೊಸದನ್ನು ಕಟ್ಟುತ್ತವೆ. ಬಿಸ್ಫಾಸ್ಫೋನೇಟುಗಳು ಕೆಡವುವ ಕೋಶಗಳ ಕೈಕಟ್ಟುತ್ತವೆ. ಕ್ಯಾನ್ಸರ್ ತಿನ್ನುತ್ತಿರುವ ಬೆನ್ನುಮೂಳೆಗೆ ಅದು ರಕ್ಷೆ, ದೊಡ್ಡಮ್ಮ ಇನ್ನೂ ತಮ್ಮ ಕಾಲ ಮೇಲೆ ಓಡಾಡುತ್ತಿರುವುದರಲ್ಲಿ ಅದರ ಪಾಲೂ ಇದೆ. ಆದರೆ ಹಲ್ಲು ಕಿತ್ತ ಜಾಗದಲ್ಲಿ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಕೆಲಸ ತುರ್ತಾಗಿ ನಡೆಯಬೇಕು. ಕೆಡವುವವರೇ ಇಲ್ಲದಿದ್ದರೆ ರಿಪೇರಿ ನಿಂತುಹೋಗುತ್ತದೆ. ಕ್ಯಾನ್ಸರಿಗೆಂದು ಹೆಚ್ಚಿನ ಪ್ರಮಾಣದಲ್ಲಿ ಪಡೆಯುವವರಲ್ಲಿ ನೂರಕ್ಕೆ ಕೆಲವರಿಗೆ ಈ ತೊಂದರೆ ಬರುತ್ತದೆ. ಮೂಳೆ ಸವೆತಕ್ಕೆಂದು ಕಡಿಮೆ ಪ್ರಮಾಣದಲ್ಲಿ ಪಡೆಯುವವರಲ್ಲಿ ಇದು ತೀರ ಅಪರೂಪ. ಹೆದರಿ ಔಷಧ ಬಿಡುವಂಥದ್ದಲ್ಲ. ಔಷಧ ಶುರುಮಾಡುವ ಮೊದಲೇ ಹಲ್ಲು ತೋರಿಸಿಕೊಳ್ಳುವುದು, ಶುರುವಾದ ಮೇಲೆ ಹಲ್ಲಿನ ಡಾಕ್ಟರಿಗೆ ಆ ಔಷಧದ ಹೆಸರು ಹೇಳುವುದು, ಇವೆರಡೇ ದೊಡ್ಡ ಕಾವಲು.

ಮೂಳೆ ಸತ್ತವರ ವಿಷಯದಲ್ಲಿ 19ನೇ ಶತಮಾನದ ಹಳೆಯ ಜಗಳವೇ ಮತ್ತೆ ಎದ್ದಿತು: ಕೊಯ್ಯಬೇಕೋ, ಕಾಯಬೇಕೋ? ಮೊದಮೊದಲು ಬಾಯಿ ತೊಳೆಯುವ ಔಷಧ, ಆಂಟಿಬಯಾಟಿಕ್ ಕೊಟ್ಟು ಆದಷ್ಟು ಕಾಯಿರಿ, ರೋಗ ಬಲಿತರೆ ಮಾತ್ರ ಶಸ್ತ್ರ ಎನ್ನುತ್ತಿದ್ದರು. ಈಚೆಗೆ ಆರಂಭದ ಹಂತದಲ್ಲೂ ಶಸ್ತ್ರಚಿಕಿತ್ಸೆ ಒಳ್ಳೆಯ ಫಲ ಕೊಡುತ್ತದೆ ಎಂಬ ಅಭಿಪ್ರಾಯ ಬಲವಾಗುತ್ತಿದೆ.

ದವಡೆಗೆ ಶಸ್ತ್ರ ಬೇಕಾಗುವ ಸಂದರ್ಭಗಳು ಬೇರೆಯೂ ಇವೆ. ಅಡ್ಡಡ್ಡ ಹುಟ್ಟಿ ಪಕ್ಕದ ಹಲ್ಲನ್ನು ತಿವಿಯುವ ಕೊನೆಯ ದವಡೆಹಲ್ಲು, ಅಪಘಾತದಲ್ಲಿ ಮುರಿದ ದವಡೆ, ಮೂಳೆಯೊಳಗೆ ಬೆಳೆಯುವ ಚೀಲದಂಥ ಗಂಟು, ಗೆಡ್ಡೆ. ಅಡಿಕೆ, ಗುಟ್ಕಾ ಅಗಿದು ಅಗಿದು ಬಾಯಿಯೇ ತೆರೆಯದಂತಾದವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಎರಡು ವಾರ ಕಳೆದರೂ ಮಾಯದ ಹುಣ್ಣು, ಕಾರಣವಿಲ್ಲದೆ ಮರಗಟ್ಟಿದ ತುಟಿ, ಬಾಯಲ್ಲಿ ನಾಲಗೆಗೆ ಒರಟಾಗಿ ತಾಗುವ ಬೆತ್ತಲೆ ಮೂಳೆ, ಇವು ಕಂಡರೆ ಮನೆಮದ್ದು ಮಾಡುತ್ತ ಕೂರಬಾರದು. ಹಲ್ಲುನೋವಿನ ಜೊತೆ ಜ್ವರ ಬಂದು ಮುಖವೋ ಕುತ್ತಿಗೆಯೋ ಊದಿಕೊಂಡು ನುಂಗಲು, ಉಸಿರಾಡಲು ಕಷ್ಟವಾದರೆ ಅದು ನಾಳೆಗೆ ಕಾಯುವ ವಿಷಯವೇ ಅಲ್ಲ, ಆಗಲೇ ಆಸ್ಪತ್ರೆಗೆ ಓಡಬೇಕು. ಇದನ್ನೆಲ್ಲ ನಾನು ವೈದ್ಯಳಾಗಿ ಬರೆಯುತ್ತಿಲ್ಲ. ತಡವಾದದ್ದರ ದಾಖಲೆಗಳನ್ನು ಓದುವುದೇ ನನ್ನ ಕೆಲಸ, ಅದರಿಂದ ಬಂದ ಅವಸರ ಇದು.

ದೊಡ್ಡಮ್ಮನ ಹಲ್ಲನ್ನು ಡಾಕ್ಟರು ಕೀಳಲಿಲ್ಲ. ಬೇರಿಗೆ ಚಿಕಿತ್ಸೆ ಮಾಡಿ, ವಸಡಿನ ಮಟ್ಟಕ್ಕೆ ಹಲ್ಲನ್ನು ಕತ್ತರಿಸಿ, ಬೇರನ್ನು ಅಲ್ಲಿಯೇ ಉಳಿಸಿ ಮುಚ್ಚಿದರು. ಕ್ಯಾನ್ಸರ್ ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟರು. ನೋವು ಹೋಯಿತು. ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತಾರೆ, ಪ್ರತಿ ಸಲವೂ "ಇಲ್ಲದ ಹಲ್ಲಿಗೆ ಬಸ್ ಚಾರ್ಜು" ಎಂದು ಗೊಣಗುತ್ತಾರೆ.

ಬೋ ಕಾರ್ಖಾನೆಯ ಹುಡುಗಿಯರ ಕಥೆಯನ್ನು ಒಂದು ಸಂಜೆ ಅವರಿಗೆ ಹೇಳಿದೆ. ದೇವರ ಮುಂದೆ ದೀಪ ಹಚ್ಚಲು ಕೂತಿದ್ದರು. ಎಲ್ಲ ಕೇಳಿಸಿಕೊಂಡು, ಕೈಯಲ್ಲಿದ್ದ ಬೆಂಕಿಪೊಟ್ಟಣವನ್ನು ತಿರುಗಿಸಿ ನೋಡಿ, "ಅವುಗಳನ್ನ ಯಾರೂ ಏನೂ ಕೇಳಲೇ ಇಲ್ವಾ?" ಎಂದರು.

"ಕೇಳಿದ್ರು ದೊಡ್ಡಮ್ಮ. ತುಂಬಾ ತಡವಾಗಿ" ಎಂದೆ.

ಅವರು ಕಡ್ಡಿ ಗೀರಿದರು. ಮರುದಿನ ನೋಡಿದರೆ ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೆ ಒಂದು ಚೀಟಿ ಸಿಕ್ಕಿಸಿತ್ತು. ತಮ್ಮ ಗುಂಡಗಿನ ಅಕ್ಷರದಲ್ಲಿ ತಾವು ತೆಗೆದುಕೊಳ್ಳುವ ಔಷಧಗಳ ಹೆಸರನ್ನೆಲ್ಲ ಬರೆದಿದ್ದರು. ಝೋಲೆಡ್ರೋನಿಕ್ ಎಂಬುದರ ಕಾಗುಣಿತ ತಪ್ಪಿತ್ತು. ಅದರ ಮುಂದೆ, ಸ್ವಲ್ಪ ದಪ್ಪಗೆ, ಬರೆದಿತ್ತು: ಮೂಳೆಗೆ.